ಉಡುಪಿನ ಸಮೀಕ್ಷೆ: ಎಲ್ಲರೂ ‘ಒಪ್ಪುತ್ತೇನೆ’ ಅಂದರೆ ಏನು ಮಾಡುವುದು?

ಪ್ರಶ್ನೆ
ಸಾಂಪ್ರದಾಯಿಕ ಉಡುಪು ಮತ್ತು ಸಾಂಸ್ಕೃತಿಕ ಅಸ್ಮಿತೆಯ ಬಗ್ಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಧೋರಣೆ ಅಳೆಯುವ ಪ್ರಶ್ನಾವಳಿ ಇದು. ಐದು ಹಂತದ ಲೈಕರ್ಟ್ ಮಾಪಕ (1 ಅಂದರೆ ಪೂರ್ತಿ ಒಪ್ಪುವುದಿಲ್ಲ, 5 ಅಂದರೆ ಪೂರ್ತಿ ಒಪ್ಪುತ್ತೇನೆ), 20 ಹೇಳಿಕೆ. ಮೊದಲನೆಯದು: ‘ಸಾಂಪ್ರದಾಯಿಕ ಉಡುಪು ನಮ್ಮ ಹೆಮ್ಮೆ, ಅದನ್ನು ಹೆಚ್ಚು ತೊಡಬೇಕು.’ 30 ಮಂದಿಗೆ ಪ್ರಾಯೋಗಿಕವಾಗಿ ಕೊಟ್ಟಾಗ ಬಹುತೇಕ ಎಲ್ಲಕ್ಕೂ 4 ಇಲ್ಲವೇ 5 ಬಂದಿದೆ. ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರೋನ್‌ಬಾಕ್ ಆಲ್ಫಾ 0.91 (1ಕ್ಕೆ ಹತ್ತಿರವಾದಷ್ಟೂ ಹೊಂದಾಣಿಕೆ ಹೆಚ್ಚು). ಮುಂದುವರಿಯಬಹುದೇ? ಒಟ್ಟು 4,000 ವಿದ್ಯಾರ್ಥಿಗಳಿದ್ದರೆ ಎಷ್ಟು ಮಂದಿ ಸಾಕು?

ಉತ್ತರ 1
ಈಗಲೇ ಬೇಡ. ಆ ಮೊದಲ ಹೇಳಿಕೆಯಲ್ಲೇ ಎರಡು ಪ್ರಶ್ನೆ ಸೇರಿಕೊಂಡಿವೆ. ಹೆಮ್ಮೆಯಿದೆ, ಆದರೆ ತೊಡುವುದಿಲ್ಲ ಅನ್ನುವವರು ಎಲ್ಲಿ ಗುರುತು ಹಾಕಬೇಕು? ನಿಮ್ಮ ಅಧ್ಯಯನಕ್ಕೆ ಮುಖ್ಯವಾಗಿ ಬೇಕಾದವರು ಅವರೇ. ಮೇಲಾಗಿ ‘ನಮ್ಮ ಹೆಮ್ಮೆ’ ಅಂದಮೇಲೆ ಇಲ್ಲ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಆಲ್ಫಾ ನೋಡಿ ಸಮಾಧಾನಪಡಬೇಡಿ. ಒಂದೇ ಮಾತನ್ನು 20 ಬಗೆಯಲ್ಲಿ ಕೇಳಿದರೂ ಅದು ಏರುತ್ತದೆ, ಎಲ್ಲಕ್ಕೂ ಹೂಂಗುಟ್ಟುವ ಅಭ್ಯಾಸದಿಂದಲೂ ಏರುತ್ತದೆ. ಏಳೆಂಟು ಹೇಳಿಕೆಗಳನ್ನು ವಿರುದ್ಧ ಅರ್ಥ ಬರುವಂತೆ ತಿರುಗಿಸಿ ಬರೆಯಿರಿ. ಬರೀ ‘ಇಲ್ಲ’ ಸೇರಿಸಿ ತಿರುಗಿಸಿದರೆ ಓದುವವರು ಎಡವುತ್ತಾರೆ; ‘ತರಗತಿಗೆ ಇಂಥ ಉಡುಪು ತೊಟ್ಟು ಬರಲು ಮುಜುಗರವಾಗುತ್ತದೆ’ ಅಂತ ನೇರವಾಗಿರಲಿ. ಲೆಕ್ಕ ಹಾಕುವಾಗ ಇವುಗಳ ಅಂಕವನ್ನು 6ರಿಂದ ಕಳೆಯಿರಿ, ಆಗ 5 ಇದ್ದದ್ದು 1 ಆಗುತ್ತದೆ. ಇದನ್ನು ಮರೆತರೆ ಆಲ್ಫಾ ಕುಸಿದುಬೀಳುತ್ತದೆ, ಕಾರಣ ಹುಡುಕುತ್ತಾ ದಿನಗಟ್ಟಲೆ ಕೂರಬೇಕಾಗುತ್ತದೆ.

ಧೋರಣೆಗಿಂತ ಮೊದಲು ನಡವಳಿಕೆ ಕೇಳಿ: ಕಳೆದ 30 ದಿನಗಳಲ್ಲಿ ಎಷ್ಟು ದಿನ ತೊಟ್ಟಿರಿ, ಕೊನೆಯ ಸಲ ತೊಟ್ಟದ್ದು ಎಲ್ಲಿಗೆ, ಆರಿಸಿದ್ದು ನೀವೋ ಮನೆಯವರೋ? ಹೆಮ್ಮೆಯ ಮಾತು ಮೊದಲು ಬಂದರೆ ಅದಕ್ಕೆ ತಕ್ಕಂತೆ ದಿನಗಳ ಲೆಕ್ಕವೂ ಉಬ್ಬುತ್ತದೆ.

ಉತ್ತರ 2
ಮೇಲಿನದೆಲ್ಲ ಸರಿ. ಆದರೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಆಗಬಹುದು. ‘ನನ್ನ ಉಡುಪೇ ನನ್ನ ಗುರುತು’ ಎಂಬಂಥ ಹೇಳಿಕೆಯನ್ನು ಅಸ್ಮಿತೆಯ ಪಟ್ಟಿಗೆ ಹಾಕಿ, ಆಮೇಲೆ ಉಡುಪಿಗೂ ಅಸ್ಮಿತೆಗೂ ನಂಟು ಸಿಕ್ಕಿತು ಅಂದರೆ, ಆ ನಂಟನ್ನು ನೀವೇ ಒಳಗಿಟ್ಟದ್ದು. ಅಸ್ಮಿತೆಯ ಭಾಗದಲ್ಲಿ ಬಟ್ಟೆಯ ಸುದ್ದಿಯೇ ಬರಬಾರದು. ಮನೋವಿಜ್ಞಾನಿ ಜೀನ್ ಫಿನ್ನಿ 1992ರಲ್ಲಿ ಪ್ರಕಟಿಸಿದ ಜನಾಂಗೀಯ ಅಸ್ಮಿತೆಯ ಮಾಪಕ ನೋಡಿ. 2007ರ ಪರಿಷ್ಕೃತ ರೂಪದಲ್ಲಿ ಆರೇ ಹೇಳಿಕೆಗಳು: ಮೂರು ತನ್ನ ಸಮುದಾಯವನ್ನು ಅರಿಯುವ ಹುಡುಕಾಟದ ಬಗ್ಗೆ, ಮೂರು ಅದರ ಮೇಲಿನ ಬದ್ಧತೆಯ ಬಗ್ಗೆ. ಅನುವಾದಿಸಿದರೆ, ಮೂಲ ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ.

‘ಸಾಂಪ್ರದಾಯಿಕ’ ಅಂದರೆ ಒಬ್ಬರಿಗೆ ಮದುವೆಯ ಉಡುಗೆ, ಇನ್ನೊಬ್ಬರಿಗೆ ಅಜ್ಜಿಯ ದಿನನಿತ್ಯದ ಉಡುಗೆ, ಮತ್ತೊಬ್ಬರಿಗೆ ಜೀನ್ಸ್ ಮೇಲೆ ತೊಟ್ಟ ಕೈಮಗ್ಗದ ಅಂಗಿ. ನಾಲ್ಕೈದು ಚಿತ್ರ ಕೊಟ್ಟು, ಯಾವುದನ್ನು ಹಾಗೆ ಕರೆಯುತ್ತೀರಿ ಅಂತ ಮೊದಲೇ ಕೇಳಿಬಿಡಿ.

ಉತ್ತರ 3
ಸಂಖ್ಯೆಯ ವಿಷಯ: ಶೇ 95 ವಿಶ್ವಾಸ ಮಟ್ಟ, ಶೇ 5 ದೋಷಮಿತಿ (ಇಂಥ 100 ಸಮೀಕ್ಷೆ ಮಾಡಿದರೆ ಸುಮಾರು 95ರಲ್ಲಿ ಸಿಕ್ಕ ಶೇಕಡಾವಾರು ನಿಜದಿಂದ 5ಕ್ಕಿಂತ ಹೆಚ್ಚು ದೂರವಿರುವುದಿಲ್ಲ) ಅಂದುಕೊಂಡರೆ ದೊಡ್ಡ ಸಮೂಹಕ್ಕೆ 384, 4,000ಕ್ಕೆ ಇಳಿಸಿದರೆ ಸುಮಾರು 350. ಶೇ 30ರಷ್ಟು ಮಂದಿ ಉತ್ತರಿಸುವುದಿಲ್ಲ ಅಂತ ಇಟ್ಟುಕೊಂಡು 500 ಮಂದಿಗೆ ಕಳಿಸಿ. ಆದರೆ ಈ ಲೆಕ್ಕ ಯಾದೃಚ್ಛಿಕ ಆಯ್ಕೆಗೆ (ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸುವುದಕ್ಕೆ) ಮಾತ್ರ ಹೊಂದುತ್ತದೆ. ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದರೆ ಸಾವಿರ ಉತ್ತರ ಬಂದರೂ ದೋಷಮಿತಿ ಹೇಳುವಂತಿಲ್ಲ.

ಜೊತೆಗೆ ಎಂಟು ಹತ್ತು ಮಂದಿಯ ಸಂದರ್ಶನವನ್ನೂ ಮಾಡಿ, ಉಡುಪನ್ನು ತರಲು ಹೇಳಿ. ಎದುರಿಗೆ ಬಟ್ಟೆಯಿದ್ದಾಗ ಮಾತು ಬೇರೆಯಾಗುತ್ತದೆ: ಒಗೆಯುವುದು ಯಾರು, ಬಸ್ಸಿನಲ್ಲಿ ಹೇಗೆ, ಸಡಿಲ ತೋಳಿನ ಬಟ್ಟೆ ತೊಟ್ಟರೆ ಪ್ರಯೋಗಾಲಯದ ಒಳಗೆ ಬಿಡುತ್ತಾರೆಯೇ. ತೊಡದಿರುವುದಕ್ಕೆ ಇವೇ ಕಾರಣವಾಗಿದ್ದರೆ ಅದನ್ನು ‘ಅನಾದರ’ ಅಂತ ಬರೆದುಕೊಳ್ಳಬೇಡಿ. ‘ಅನನುಕೂಲ’ ಅಂತ ಬೇರೆ ಕೋಡ್ (ಉತ್ತರಗಳನ್ನು ವಿಂಗಡಿಸುವ ಗುರುತು) ಕೊಡಿ.