ಹಾಡು ಕಲಿಯದವರ ದನಿ ಸುಧಾರಿಸೋದು ಹೆಂಗ? ಅನುಭವ ಇದ್ದವರು ಹೇಳ್ರಿ

ಹಾವೇರಿ ಗಿಟಾರ್:
ನಮ್ಮದು ಸಣ್ಣ ಸಭೆ (ಚರ್ಚು). ಆರಾಧನೆಗೆ ಹಾಡೋರು ಐದು ಮಂದಿ, ಒಬ್ರೂ ಸಂಗೀತ ಕಲತವರಲ್ಲ. ಪಲ್ಲವಿ ಮ್ಯಾಲೆ ಏರಿದ ಕೂಡ್ಲೆ ಇಬ್ಬರು ಅಕ್ಕಾರು ಶ್ರುತಿ ಬಿಡ್ತಾರ, ಒಬ್ರು ಕಾಕಾ ಮೈಕ್ ನುಂಗಿದಂಗ ಒದರ್ತಾರ. ಕ್ರಿಸ್‌ಮಸ್‌ಗೆ ಎರಡು ತಿಂಗಳೈತಿ. ಕಾಕಾಗ ಬ್ಯಾಸರ ಆಗದಂಗ ಏನ ಮಾಡ್ಲಿ?

ಹಳೇ ಹುಬ್ಬಳ್ಳಿ ಕೀಬೋರ್ಡ್:
ರೊಕ್ಕ ಸುರೀಬ್ಯಾಡ್ರಿ, ನಾ ಸುರದೇನಿ. ತಮ್ಮ ದನಿ ತಮಗ ಕೇಳವಲ್ದು, ಅದಕ್ಕ ಅಪಸ್ವರ ಅಂತ ತಿಳದು ಮಿಕ್ಸರ್ 22,000, ಮಾನಿಟರ್ ಸ್ಪೀಕರ್ 18,500, ವೈರು-ಜಾಕು 3,200. ಅದರಾಗ 15,000 ನನ್ನ ಕಿಸೇದ್ದು. ಹೆಂಡ್ತಿಗೆ ಇವತ್ತಿಗೂ 5,000 ಅಂತನ ಹೇಳೇನಿ. ಮೊದಲನೇ ಭಾನುವಾರ ಒಬ್ಬಾಕಿ ಮೈಕಿನ ಜಾಳಿಗಿ ಮುಷ್ಟ್ಯಾಗ ಮುಚ್ಚಿ ಹಿಡದ್ಲು, ಪ್ರಾರ್ಥನಿ ನಡುವೆ ಕುಂಯ್ಯ್ ಅಂತು, ಹಿಂದಿನ ಬೆಂಚಿನ ಕೂಸು ಹೌಹಾರಿ ಅಳಾಕ ಹತ್ತಿತು. ಅಪಸ್ವರ ಮಾತ್ರ ಇದ್ದಂಗ ಇತ್ತು, ಈಗ ಜೋರಾಗಿ ಕೇಳಸ್ತಿತ್ತು ಅಷ್ಟ. ಫೋನಿನ್ಯಾಗ ರೆಕಾರ್ಡ್ ಮಾಡಿ ಕೇಳಿದ ಮ್ಯಾಲೆ ಗೊತ್ತಾತು, ಯೂಟ್ಯೂಬಿನವ್ರು ಬಿಳಿ ಮೂರರಾಗ (ಕೀಬೋರ್ಡಿನ ಮೂರನೇ ಬಿಳಿ ಮನಿ ಶ್ರುತಿ) ಹಾಡ್ಯಾರಂತ ನಾವೂ ಅದನ್ನ ಹಿಡಕೊಂಡು ಕುಂತಿದ್ವಿ. ಶ್ರುತಿ ಏರಿಳಸೋ ಟ್ರಾನ್ಸ್‌ಪೋಸ್ ಗುಂಡಿ ಮೈನಸ್ ಮೂರು ಒತ್ತಿ ಕಾಳಿ ಒಂದಕ್ಕ (ಮೊದಲನೇ ಕರಿ ಮನಿ) ಇಳಿಸಿದೆ. ಮುಗೀತು. ಖರ್ಚು ಸೊನ್ನೆ.

ಧಾರವಾಡದಾಕಿ:
ಗುಂಡಿ ಒತ್ತಿದ್ರ ದನಿ ಬರ್ತೈತೇನ್ರಿ? ನಾ 34ನೇ ವಯಸ್ಸಿಗೆ ಹಿಂದೂಸ್ತಾನಿ ಕಲಿಯಾಕ ಹೋದಾಕಿ. ತಿಂಗಳಿಗೆ 1,200, ಹುಬ್ಬಳ್ಳಿಗೆ ಹೋಗಿಬರೋ ಚಿಗರಿ ಬಸ್ಸಿನ ಖರ್ಚು ಬ್ಯಾರೆ. ನಾಲ್ಕು ತಿಂಗಳು ಬರೇ ಖರ್ಜದ ಸಾಧನೆ. ಮುಂಜಾನೆ ಐದಕ್ಕ ಎದ್ದು ಮಂದ್ರದ (ಕೆಳಗಿನ ಸ್ಥಾಯಿಯ) ಸಾ ಹಿಡದು ಉಸುರು ಮುಗಿಯೋತನಕ ನಿಲ್ಲಸೋದು. ಬಾಜೂ ಮನಿಯವರು ‘ಬಾಯಾರ, ಯಾರಿಗೆ ಆರಾಮಿಲ್ಲ?’ ಅಂತ ಕೇಳಾಕ ಬಂದ್ರು. ಎಂಟನೇ ತಿಂಗಳಿಗೆ ಮ್ಯಾಲಿನ ಸಾ ಕೊರಳು ಬಿಗಿಯದ ಬಂತು. ಅದ ಖುಷಿಯಾಗ ಸಭೆಯೊಳಗ ಒಂದು ಮೀಂಡ್ (ಸ್ವರದಿಂದ ಸ್ವರಕ್ಕ ಜಾರಸೋದು) ಎಳದೆ. ಹಿರಿಯರೊಬ್ರು ‘ಅವ್ವಾ, ಇದು ಕಛೇರಿ ಅಲ್ಲ, ಮಂದಿ ನಿನ್ನ ಹಿಂದ ಬರಬೇಕು’ ಅಂದ್ರು. ಗಂಗೂಬಾಯಿ ಹಾನಗಲ್ಲರು, ಮನ್ಸೂರರು ಹಾಡಿದ ಊರಾಗ ಈ ಮಾತು! ಅವತ್ತಿಂದ ನಾ ಹಿಂದಿನ ಬೆಂಚು.

ಮತ್ತ ಎಲ್ಲಾ ಕಾಳಿ ಒಂದಕ್ಕ ಇಳಿಸಿದ್ರ ಹೆಣ್ಣಮಕ್ಕಳ ಕೆಳಗಿನ ಸಾಲು ಬರೇ ಗಾಳಿ ಆಗ್ತೈತಿ. ಗಂಡಸರು ಕೀಬೋರ್ಡ್ ಮುಂದ ಕುಂತ್ರ ತಮ್ಮ ಕೊರಳಿಗೇ ಶ್ರುತಿ ಇಡ್ತಾರ.

ಹಳೇ ಹುಬ್ಬಳ್ಳಿ ಕೀಬೋರ್ಡ್:
‘ಎಲ್ಲಾ’ ಅಂತ ಯಾರಂದ್ರಿ ಬಾಯಾರ? ಒಂದ ಹಾಡಿನ ಮಾತು ಹೇಳಿದೆ.

ಬೆಟಗೇರಿ ಟೆನರ್:
ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು 1841ರಾಗ ಬೆಟಗೇರಿಗೆ ಬಂದವರು. ನಮ್ಮ ಮುತ್ಯಾನ ಕಾಲಕ್ಕ ನಾಕು ದನಿಯೊಳಗ ಹಾಡ್ತಿದ್ರು, ಮೈಕಿಲ್ಲ, ಮಿಕ್ಸರಿಲ್ಲ. ನಾನೂ ಜಿದ್ದಿಗೆ ಬಿದ್ದು 11 ಮಂದೀನ ಸೊಪ್ರಾನೊ, ಆಲ್ಟೊ (ಹೆಣ್ಣಮಕ್ಕಳ ಮ್ಯಾಲಿನ, ಕೆಳಗಿನ ದನಿ), ಟೆನರ್, ಬೇಸ್ (ಗಂಡಸರದ್ದು) ಅಂತ ಬ್ಯಾರೆ ಕುಂದ್ರಿಸಿ ಕಲಿಸಿದೆ. ಝೆರಾಕ್ಸಿಗೆ 640, ಪ್ರತಿ ಶನಿವಾರ ಚಾ-ಮಿರ್ಚಿಗೆ 180. ಬ್ಯಾರೆ ಬ್ಯಾರೆ ಹಾಡಿದಾಗ ಬಂಗಾರ. ಕೂಡಿಸಿದ್ರ ಮೂರನೇ ಸಾಲಿಗೆ ಆಲ್ಟೊದವರು ಸೊಪ್ರಾನೊ ಬೆನ್ನು ಹತ್ತತಿದ್ರು, ಕುರಿ ಹಿಂದ ಕುರಿ. ಏಳು ಶನಿವಾರ ಹೋದ ಮ್ಯಾಲೆ ಕಡೀಕ ಎಲ್ಲಾರೂ ಒಂದ ದನಿಯೊಳಗ ಹಾಡಿದ್ವಿ. ತಪ್ಪು ಅವರದಲ್ಲ, ಡ್ರಮ್ಮಿಂದು.

ಡ್ರಮ್ ಹುಡುಗ:
ಮೈಕಿಲ್ಲ, ಮಿಕ್ಸರಿಲ್ಲ ಅಂತಿದ್ರಿ, ನಡುವ ಡ್ರಮ್ ಎಲ್ಲಿಂದ ಬಂತ್ರಿ ಕಾಕಾ?

ಗದಗಿನ ಟೀಚರ್:
ಡ್ರಮ್ಮಿಂದನ ಖರೆ. ಮೂರು ವರ್ಷ ಅದರ ಮುಂದ ನಿಂತು ಒದರಿ ನನ್ನ ಸ್ವರತಂತುವಿಗೆ ಗಂಟಾದ್ವು. ಡಾಕ್ಟ್ರು ಮೂಗಿನ್ಯಾಗ ನಳಿಗಿ ಬಿಟ್ಟು ಟಿವಿಯೊಳಗ ತೋರಿಸಿದ್ರು, ಎರಡೂ ಕಡೆ ಸಾಸಿವಿಕಾಳಿನಂಥವು. ಮಾತು ಬಂದ್, ಪಿಸುಮಾತೂ ಬ್ಯಾಡಂದ್ರು. ಮೂರು ವಾರ ಪಗಾರಿಲ್ಲದ ರಜಾ, ಮನ್ಯಾಗ ಸ್ಲೇಟಿನ ಮ್ಯಾಲೆ ‘ಉಪ್ಪು ಕಡಿಮಿ’ ಅಂತ ಬರದು ತೋರಸ್ತಿದ್ದೆ. ವಾಯ್ಸ್ ಥೆರಪಿ ಸಲಕ್ಕ 500ರಂಗ 12 ಸಲ. ಆಪರೇಶನ್ ತಪ್ಪಿತು. ಈಗ ಹಾಡ್ತೇನಿ, ಆದ್ರ ಗಂಟಲ ಕೆರಿಯೋದು ಬಿಟ್ಟು ನೀರು ಗುಟುಕರಿಸ್ತೇನಿ.

ಡ್ರಮ್ ಹುಡುಗ:
ಮೂರು ವರ್ಷದಾಗ ಒಬ್ರೂ ‘ಸಣ್ಣಗ ಬಾರಸಪಾ’ ಅನ್ನಲಿಲ್ಲೇನ್ರಿ ಟೀಚರ್?

ಗದಗಿನ ಟೀಚರ್:
ಅಂದ್ವಿ. ಬಾರಸೋನಿಗೆ ಕೇಳಸಬೇಕಲ್ಲಪಾ.

ಹಾವೇರಿ ಗಿಟಾರ್:
ಎಲ್ಲಾರಿಗೂ ವಂದನೆ. ಕಾಕಾಗ ಏನ ಹೇಳ್ಲಿ ಅನ್ನೋದು ಮಾತ್ರ ಯಾರೂ ಹೇಳಲಿಲ್ರಿ.

ಬೆಟಗೇರಿ ಟೆನರ್:
ಹುಬ್ಬಳ್ಳಿಯವರ, ಆ ಮಿಕ್ಸರ್ ಇನ್ನೂ ಐತೇನು? ಎಷ್ಟಕ್ಕ ಬಿಡ್ತೀರಿ?