ಸೈನಿಕರಿಗೆ ಕೌದಿ: ‘ದಾನ’ವೋ, ‘ಪ್ರದಾನ’ವೋ?

ಮಾನ್ಯರೆ,

ಅಮೆರಿಕದಲ್ಲಿ ಸ್ವಯಂಸೇವಕರು ಸೈನಿಕರಿಗೂ ಮಾಜಿ ಸೈನಿಕರಿಗೂ ಕೌದಿ ಹೊಲಿದು ಕೊಡುವ ಕೆಲಸವನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಕೆಲವು ಪದಗಳ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಹಿನ್ನೆಲೆ ಹೀಗಿದೆ. ಮಗ ಇರಾಕ್ ಯುದ್ಧಕ್ಕೆ ಹೋಗಿದ್ದ ಕಾಲದಲ್ಲಿ, ಡೆಲವೇರ್ ರಾಜ್ಯದ ಕ್ಯಾಥರೀನ್ ರಾಬರ್ಟ್ಸ್ ಅವರು 2003ರಲ್ಲಿ ‘ಕ್ವಿಲ್ಟ್ಸ್ ಆಫ್ ವೇಲರ್’ ಎಂಬ ಕಾರ್ಯವನ್ನು ಆರಂಭಿಸಿದರು. ಮೊದಲ ಕೌದಿ ಅದೇ ವರ್ಷದ ನವೆಂಬರಿನಲ್ಲಿ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿದ್ದ ಗಾಯಾಳು ಸೈನಿಕನೊಬ್ಬನಿಗೆ ಸಂದಿತು. ಈವರೆಗೆ ಇಂಥ ಕೌದಿಗಳು ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ತಲುಪಿವೆ.

ವಸ್ತುವಿನ ಹೆಸರಿನ ವಿಷಯದಲ್ಲಿ ನನಗೆ ಹೆಚ್ಚಿನ ತೊಡಕಿಲ್ಲ. ‘ಕೌದಿ’ ಎಂದೊಡನೆ ಹಳೆಯ ಬಟ್ಟೆಗಳ ಪದರಗಳು ನೆನಪಾಗುತ್ತವೆ. ಅಮೆರಿಕದ ಈ ಹೊದಿಕೆಯಲ್ಲಾದರೋ ಮೇಲೆ ಹೊಸ ಹತ್ತಿಬಟ್ಟೆಯ ತುಂಡುಗಳನ್ನು ಜೋಡಿಸಿದ ಚಿತ್ತಾರ, ನಡುವೆ ತೆಳುವಾದ ಹತ್ತಿಯ ಹಾಸು, ಕೆಳಗೆ ಇನ್ನೊಂದು ಬಟ್ಟೆ ಇರುತ್ತವೆ. ‘ರಜಾಯಿ’ ಎಂದರೆ ಹತ್ತಿ ಉಳಿದು ಚಿತ್ತಾರ ಮರೆಯಾಗುತ್ತದೆ. ತುಂಡುಗಳ ಜೋಡಣೆಯೇ ಇದರ ಜೀವವಾದ್ದರಿಂದ ‘ಕೌದಿ’ಯನ್ನೇ ಉಳಿಸಿಕೊಂಡಿದ್ದೇನೆ. ಆದರೆ ‘ಕೈಹೊಲಿಗೆಯ ಕೌದಿ’ ಎನ್ನುವುದನ್ನು ಮಾತ್ರ ಬಿಟ್ಟಿದ್ದೇನೆ. ಇವುಗಳಲ್ಲಿ ಹೆಚ್ಚಿನವನ್ನು ಹೊಲಿಗೆ ಯಂತ್ರದಲ್ಲೇ ಹೊಲಿಯುತ್ತಾರೆ. ಕೈಯಲ್ಲಿ ಹೊಲಿದರೂ ಸಲ್ಲುತ್ತದೆ, ಆದರೆ ಪದರಗಳನ್ನು ಅಲ್ಲಲ್ಲಿ ದಾರದಿಂದ ಗಂಟು ಹಾಕಿ ಬಿಟ್ಟರೆ ಸಲ್ಲದು.

ನಿಜವಾದ ತೊಡಕು ಇರುವುದು ಕ್ರಿಯಾಪದದಲ್ಲಿ. ಮೊದಲ ಕರಡಿನಲ್ಲಿ ಸಹಜವಾಗಿ ‘ಕೌದಿ ದಾನ’ ಎಂದು ಬರೆದಿದ್ದೆ. ರಕ್ತದಾನ, ನೇತ್ರದಾನಗಳಲ್ಲಿ ‘ದಾನ’ ಯಾರನ್ನೂ ಕೀಳುಮಾಡುವುದಿಲ್ಲ, ಅಲ್ಲಿ ಪಡೆಯುವವರಿಗೆ ಅದು ಬೇಕೇಬೇಕಾದ ವಸ್ತು. ಆದರೆ ಹೊದಿಕೆಯನ್ನು ದಾನ ಮಾಡಿದರು ಎಂದಾಗ, ಪಡೆದವನು ಹೊದೆಯಲು ಇಲ್ಲದವನು ಎಂಬ ಅರ್ಥ ತಾನಾಗಿಯೇ ಹೊರಡುತ್ತದೆ. ‘ಕ್ವಿಲ್ಟ್ಸ್ ಆಫ್ ವೇಲರ್’ ಸಂಸ್ಥೆಯವರು ಪ್ರಶಸ್ತಿ ನೀಡುವುದಕ್ಕೆ ಸಲ್ಲುವ ಕ್ರಿಯಾಪದವನ್ನೇ ಇದಕ್ಕೂ ಬಳಸುತ್ತಾರೆ. ಪಡೆಯುವವರನ್ನು ಯಾರಾದರೂ ಮೊದಲು ಹೆಸರಿಸಿರಬೇಕು, ಕೊಟ್ಟದ್ದು ದಾಖಲಾಗಬೇಕು. ಹಾಗಾಗಿ ‘ಪ್ರದಾನ’ವೇ ಸರಿ ಎನ್ನಿಸಿತು. ‘ಕಾಣಿಕೆ’ ಕೆಳಗಿನಿಂದ ಮೇಲಕ್ಕೆ ಹೋಗುವಂಥದ್ದು. ‘ಉಡುಗೊರೆ’ ಬಂಧುಬಳಗದ ನಡುವಿನ ಮಾತಾಗಿಬಿಡುತ್ತದೆ.

ಇಷ್ಟಾದರೂ ‘ದೇಣಿಗೆ’ಯನ್ನು ಪೂರ್ತಿ ಕೈಬಿಡುವಂತಿಲ್ಲ, ಏಕೆಂದರೆ ಇಲ್ಲಿ ಕೊಡುವ ಕ್ರಿಯೆ ಎರಡು ಸಲ ನಡೆಯುತ್ತದೆ. ಹೊಲಿಯುವವರು ತಮ್ಮ ಬಟ್ಟೆಯನ್ನೂ ದುಡಿಮೆಯನ್ನೂ ಈ ಕಾರ್ಯಕ್ಕೆ ಕೊಡುವುದು ದೇಣಿಗೆ. ಸಿದ್ಧವಾದ ಕೌದಿ ಸೈನಿಕರಿಗೆ ಸಲ್ಲುವುದು ಪ್ರದಾನ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ರಾಜ್ಯಗಳ ಮಹಿಳೆಯರು, ಸೈನಿಕರ ಆರೈಕೆಗೆ ನೆರವಾಗುತ್ತಿದ್ದ ಸ್ಯಾನಿಟರಿ ಕಮಿಷನ್ ಎಂಬ ಸಂಸ್ಥೆಯ ಮೂಲಕ ಸೇನಾ ಆಸ್ಪತ್ರೆಗಳಿಗೆ ಕಳುಹಿಸಿದ ಕೌದಿಗಳ ವಿಷಯ ಬಂದಲ್ಲಿ ‘ದೇಣಿಗೆ’ ಒಂದೇ ಸಾಕು. ಅವು ಮಂಚದ ಮೇಲಿದ್ದ ಗಾಯಾಳುಗಳಿಗೆ ಬೇಕಾಗಿದ್ದ ಹೊದಿಕೆಗಳು, ಸನ್ಮಾನದ ಮಾತು ಅಲ್ಲಿರಲಿಲ್ಲ.

ಪ್ರದಾನದ ವೇಳೆ ಕೌದಿಯನ್ನು ಬಿಡಿಸಿ ಸೈನಿಕರ ಹೆಗಲ ಸುತ್ತ ಹೊದಿಸುವುದು ರೂಢಿ. ಇದನ್ನು ಓದಿದಾಗ ನಮ್ಮ ವರದಿಗಳಲ್ಲಿ ಸವೆದುಹೋಗಿರುವ ‘ಶಾಲು ಹೊದಿಸಿ ಸನ್ಮಾನಿಸಲಾಯಿತು’ ಎಂಬ ವಾಕ್ಯವೇ ಕೈಗೆ ಸಿಕ್ಕಂತಾಯಿತು. ‘ಕೌದಿ ಹೊದಿಸಿ ಗೌರವಿಸಿದರು’ ಎಂದರೆ ಕ್ರಿಯೆಯೂ ಗೌರವವೂ ಒಟ್ಟಿಗೆ ಬರುತ್ತವೆ, ‘ಪ್ರದಾನ’ದ ಬಿಗುಪೂ ಇರುವುದಿಲ್ಲ. ಸನ್ಮಾನದ ಶಾಲು ಸಾಮಾನ್ಯವಾಗಿ ಮಡಿಕೆ ಬಿಚ್ಚದೆ ಕಪಾಟು ಸೇರುತ್ತದೆ, ಇದನ್ನಾದರೋ ದಿನವೂ ಹೊದೆದು, ಒಗೆದು ಬಳಸಲೆಂದೇ ಕೊಡುತ್ತಾರೆ. ದಿನಬಳಕೆಯ ಆ ಛಾಯೆ ಕೆಡುವುದೇ ಎಂಬ ಅನುಮಾನವೊಂದು ಉಳಿದಿದೆ.

‘ಕ್ವಿಲ್ಟ್ಸ್ ಆಫ್ ವೇಲರ್’ ಎಂಬ ಹೆಸರನ್ನು ಅಕ್ಷರಶಃ ‘ಶೌರ್ಯದ ಕೌದಿ’ ಎನ್ನಲು ಮನಸ್ಸು ಒಪ್ಪದು. ‘ಶೌರ್ಯಪ್ರಶಸ್ತಿ’ಗಳ ನೆನಪಿನಲ್ಲಿ ಓದುಗರು ಇದನ್ನು ರಣರಂಗದ ಒಂದು ನಿರ್ದಿಷ್ಟ ಸಾಹಸಕ್ಕೆ ಸಂದ ಮನ್ನಣೆ ಎಂದು ತಿಳಿದಾರು, ಇಲ್ಲಿ ಪದಕ ಪಡೆದಿರಬೇಕೆಂಬ ನಿಯಮವೇನೂ ಇಲ್ಲ. ಇದು ಯುದ್ಧ ತಟ್ಟಿದವರಿಗೆ ಎಂಬುದು ಸಂಸ್ಥೆಯ ಮಾತು. ‘ಯುದ್ಧಸಂತ್ರಸ್ತರು’ ಎಂದರೆ ಸೈನಿಕರಿಗಿಂತ ಮೊದಲು ಊರು ಬಿಟ್ಟ ನಾಗರಿಕರು ಕಣ್ಣಮುಂದೆ ಬರುತ್ತಾರಾದ್ದರಿಂದ ‘ತಟ್ಟಿದವರು’ ಎಂದೇ ಇಟ್ಟಿದ್ದೇನೆ. ಹೆಸರಿಗೆ ‘ಯೋಧಗೌರವ ಕೌದಿ’ ಆಗಬಹುದೇ?

ಕೊನೆಯದಾಗಿ, ಪ್ರತಿ ಕೌದಿಯ ಹಿಂಬದಿಗೆ ಹೆಸರುಗಳನ್ನು ಬರೆದ ಬಟ್ಟೆಯ ಪಟ್ಟಿಯೊಂದನ್ನು ಹೊಲಿಯುತ್ತಾರೆ. ಅದರಲ್ಲಿ ಪಡೆಯುವವರ ಹೆಸರಿನೊಂದಿಗೆ ತುಂಡುಗಳನ್ನು ಜೋಡಿಸಿದವರು, ಮೂರು ಪದರಗಳನ್ನು ಸೇರಿಸಿ ಹೊಲಿದವರು, ಅಂಚು ಕಟ್ಟಿದವರು ಎಂದು ಕೆಲಸಗಾರರ ಹೆಸರುಗಳೂ ಇರುತ್ತವೆ; ಇವರು ಎಷ್ಟೋ ವೇಳೆ ಬೇರೆ ಬೇರೆ ಊರಿನವರು. ‘ಜೋಡಿಸು’, ‘ಅಂಚು ಕಟ್ಟು’ ಇವು ಸಾಕು. ನಡುವಿನ ಕೆಲಸಕ್ಕೆ ಬರಿಯ ‘ಹೊಲಿ’ ಎಂದರೆ ಮೂರೂ ಕೆಲಸಗಳು ಒಂದೇ ಆಗಿಬಿಡುತ್ತವೆ, ‘ಪದರ ಸೇರಿಸಿ ಹೊಲಿ’ ಎಂಬುದು ಚಿಕ್ಕ ಪಟ್ಟಿಗೆ ಉದ್ದವಾಗುತ್ತದೆ. ಕೌದಿ ಹೊಲಿಯುವವರ ಬಾಯಲ್ಲಿ ಇದಕ್ಕೆ ಒಂದೇ ಪದದ ಮಾತು ಇದ್ದರೆ ದಯವಿಟ್ಟು ತಿಳಿಸಬೇಕು.