ಮಾಮನ 8 ಎಂಎಂ ವಿಮಾನದ ರೀಲುಗಳು: ಪ್ರೊಜೆಕ್ಟರ್‌ಗೆ ಹಾಕಬಹುದಾ?

ಟಿಳಕವಾಡಿ ಹುಡುಗಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನಿಗೆ ವಿಮಾನ ಅಂದ್ರೆ ಪ್ರಾಣ. ಬ್ಯಾಂಕಿನಲ್ಲಿ ಕೆಲಸ. ರಜೆ ಸಿಕ್ಕರೆ ಸಾಕು, ಕೀ ಕೊಡುವ ಸಣ್ಣ ಸಿನಿಮಾ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸಾಂಬ್ರಾ ವಿಮಾನ ನಿಲ್ದಾಣದ ರಸ್ತೆ ಹಿಡಿಯುತ್ತಿದ್ದರು. ಬೆಂಗಳೂರಿಗೆ ಹೋದರೆ ನೆಂಟರ ಮನೆಗಿಂತ ಮೊದಲು ಜಕ್ಕೂರಿನ ಫ್ಲೈಯಿಂಗ್ ಸ್ಕೂಲ್ ಕಡೆ ಹೋಗುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅತ್ತೆ ಅವರ ಟ್ರಂಕನ್ನು ನನಗೆ ಕೊಟ್ಟಿದ್ದಾರೆ.

ಅದರ ತುಂಬ ಸಣ್ಣ ಸಣ್ಣ ತಗಡಿನ ಡಬ್ಬಿಗಳು. ಒಂದೊಂದರ ಮೇಲೂ ಮಾಮನ ಕೈಬರಹದ ಚೀಟಿ ಇದೆ. "ಸಾಂಬ್ರಾ, ಡಿಸೆಂಬರ್ 61", "ಜಕ್ಕೂರು, ಪುಷ್ಪಕ್", ಇನ್ನೊಂದರ ಮೇಲೆ "ಮದುವೆ ಮತ್ತು ವಿಮಾನ". ಸಾಂಬ್ರಾ ಅಂತ ಬರೆದ ಡಬ್ಬಿ ತೆಗೆದಾಗ ಮೂಗಿಗೆ ಹೊಡೆಯುವ ಹಾಗೆ ಹುಳಿ ವಾಸನೆ ಬಂತು, ಫಿಲ್ಮಿನ ಅಂಚು ಅಲೆಅಲೆಯಾಗಿದೆ. ಇನ್ನೊಂದರಲ್ಲಿ ಬಿಳಿ ಬೂಷ್ಟು ಬಂದಿದೆ. ಉಳಿದವು ನೋಡೋಕೆ ಚೆನ್ನಾಗಿವೆ. ಪ್ರೊಜೆಕ್ಟರ್ ಕೂಡ ಇದೆ, ಪ್ಲಗ್ ಹಾಕಿದರೆ ಬಲ್ಬು ಹತ್ತುತ್ತೆ.

ಇಲ್ಲಿನ ಒಂದು ಸ್ಟುಡಿಯೋದವರು ಗೋಡೆ ಮೇಲೆ ಬಿಟ್ಟು ಕ್ಯಾಮೆರಾದಲ್ಲಿ ಶೂಟ್ ಮಾಡಿ ಪೆನ್‌ಡ್ರೈವಲ್ಲಿ ಕೊಡ್ತೀವಿ ಅಂತಾರೆ. ಒಮ್ಮೆ ಡಿಜಿಟಲ್ ಆದ ಮೇಲೆ ಈ ವಾಸನೆ ಡಬ್ಬಿಗಳನ್ನು ಮನೆಯಲ್ಲಿ ಯಾಕೆ ಇಟ್ಕೋಬೇಕು ಅನ್ನೋದು ನಮ್ಮ ಅಣ್ಣನ ವಾದ. ಅತ್ತೆಗೆ ಕಣ್ಣು ಮಂಜಾಗ್ತಾ ಬಂದಿದೆ, ಆದಷ್ಟು ಬೇಗ ನೋಡಬೇಕು ಅಂತ ಆಸೆ. ಮೊದಲು ಏನು ಮಾಡಲಿ?

ಹಳೇ ಪ್ರೊಜೆಕ್ಟರ್ (ಬಾಗಲಕೋಟೆ)

ತಂಗಿ, ಮೊದಲು ಆ ಪ್ರೊಜೆಕ್ಟರಿನ ಪ್ಲಗ್ ತೆಗೆದಿಡಿ. ಬಲ್ಬು ಹತ್ತಿದ ಮಾತ್ರಕ್ಕೆ ಅದು ಸರಿ ಇದೆ ಅಂತ ಅಲ್ಲ. ಒಳಗೆ ಒಂದು ಉಗುರಿನಂಥ ಕೊಕ್ಕೆ ಇರುತ್ತೆ, ಅದು ತೂತಿಗೆ ಸಿಕ್ಕಿಸಿಕೊಂಡು ಒಂದೊಂದೇ ಫ್ರೇಮನ್ನು ಕೆಳಗೆ ಎಳೆಯುತ್ತೆ. ಫಿಲ್ಮು ಕುಗ್ಗಿದ್ದರೆ ಕೊಕ್ಕೆಗೂ ತೂತಿಗೂ ತಾಳೆ ಆಗಲ್ಲ, ಉದ್ದಕ್ಕೂ ಹರಿದುಕೊಂಡು ಹೋಗುತ್ತೆ. ನಡುವೆ ಎಲ್ಲಾದರೂ ನಿಂತರೆ ಬಲ್ಬಿನ ಬಿಸಿಗೆ ಆ ಫ್ರೇಮ್ ಕಣ್ಣೆದುರೇ ಸುಟ್ಟುಹೋಗುತ್ತೆ.

ಕುಗ್ಗಿದೆಯೋ ಇಲ್ವೋ ಅಂತ ಮನೆಯಲ್ಲೇ ನೋಡಬಹುದು. ಮೊದಲು ಯಾವ ಜಾತಿಯ ಫಿಲ್ಮು ಅಂತ ತಿಳಿಯಬೇಕು. ತೂತು ದೊಡ್ಡದಾಗಿ, ಎರಡು ಫ್ರೇಮುಗಳ ನಡುವಿನ ಗೆರೆಯ ಪಕ್ಕದಲ್ಲಿದ್ದರೆ ಅದು ಹಳೇ 8 ಎಂಎಂ, ಅಂದರೆ ಕೊಡಾಕ್‌ನವರು 1932ರಲ್ಲಿ ತಂದದ್ದು. ತೂತು ಚಿಕ್ಕದಾಗಿ, ಫ್ರೇಮಿನ ಮಧ್ಯಕ್ಕೆ ಸರಿಯಾಗಿದ್ದರೆ ಸೂಪರ್ 8. ಸೂಪರ್ 8 ಬಂದದ್ದೇ 1965ರಲ್ಲಿ, ಹಾಗಾಗಿ ಚೀಟಿಯಲ್ಲಿ 61 ಅಂತ ಇರುವುದು ಹಳೇ 8 ಎಂಎಂ ಆಗಿರಲೇಬೇಕು. ಅದರಲ್ಲಿ ಒಂದು ಅಡಿಗೆ ಸರಿಯಾಗಿ 80 ಫ್ರೇಮ್, ಸೂಪರ್ 8ರಲ್ಲಿ 72. ಒಂದು ಅಡಿಯ ಸ್ಟೀಲ್ ಸ್ಕೇಲ್ ಪಕ್ಕ ಫಿಲ್ಮನ್ನು ಮೆತ್ತಗೆ ಚಪ್ಪಟೆ ಇಟ್ಟು ಭೂತಗನ್ನಡಿ ಹಿಡಿದು ತೂತು ಎಣಿಸಿ. ಎಂಬತ್ತನೆಯ ಫ್ರೇಮು ಅಡಿಯ ಗೆರೆಗೆ 3 ಮಿಲಿಮೀಟರ್ ಮೊದಲೇ ಮುಗಿದರೆ ನೂರಕ್ಕೆ ಒಂದರಷ್ಟು ಕುಗ್ಗಿದೆ ಅಂತ ಅರ್ಥ. ಅಂಥ ರೀಲು ಯಾವ ಪ್ರೊಜೆಕ್ಟರ್‌ಗೂ ಹೋಗಬಾರದು. ಹಲ್ಲಿಲ್ಲದ ರೋಲರ್ ಮೇಲೆ ಫಿಲ್ಮು ಸಾಗಿಸುವ ಸ್ಕ್ಯಾನರ್‌ಗಳಿವೆ, ಅವು ಕುಗ್ಗಿದ್ದನ್ನೂ ತೆಗೆದುಕೊಳ್ಳುತ್ತವೆ. ಎಣಿಸುವಾಗ ಹತ್ತಿಯ ಕೈಗವಸು ಹಾಕಿ, ಅಂಚು ಮಾತ್ರ ಹಿಡಿಯಿರಿ.

ಆ ಹುಳಿ ವಾಸನೆ ವಿನೆಗರ್‌ನದ್ದೇ. ಫಿಲ್ಮಿನ ಪಟ್ಟಿ ಅಸಿಟೇಟ್ ಪ್ಲಾಸ್ಟಿಕ್. ಸೆಕೆ, ತೇವ ಎರಡೂ ಸೇರಿದರೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತೆ. ಬಂದ ಆಮ್ಲವೇ ಮತ್ತೆ ಪಟ್ಟಿಯನ್ನು ತಿನ್ನುತ್ತೆ, ಹಾಗಾಗಿ ಒಮ್ಮೆ ಶುರುವಾದರೆ ದಿನೇ ದಿನೇ ಜೋರಾಗುತ್ತೆ. ಮೊದಲಿನ ಸ್ಥಿತಿಗೆ ತರುವ ಔಷಧಿ ಇಲ್ಲ, ನಿಧಾನ ಮಾಡಬಹುದು ಅಷ್ಟೇ. ವಾಸನೆ ಬಂದ ಡಬ್ಬಿಯನ್ನು ಇವತ್ತೇ ಬೇರೆ ಕೋಣೆಯಲ್ಲಿಡಿ, ಆ ಹಬೆ ಪಕ್ಕದ ಒಳ್ಳೆ ರೀಲುಗಳಿಗೂ ತಾಗುತ್ತೆ. ಸ್ಕ್ಯಾನಿಂಗಿಗೆ ಮೊದಲು ಹೋಗಬೇಕಾದ್ದೂ ಅದೇ, ಅಂಚು ಅಲೆಯಾಗಿದೆ ಅಂದಮೇಲೆ ಕಾಯೋ ಹಾಗಿಲ್ಲ. ಬೆಂಕಿಯ ಹೆದರಿಕೆ ಮಾತ್ರ ಬೇಡ. ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮು ಥಿಯೇಟರಿನ 35 ಎಂಎಂ ಕಾಲದ್ದು, ಮನೆಯಲ್ಲಿ ಬಳಸುವ 8 ಎಂಎಂ ಮೊದಲಿನಿಂದಲೂ ಸೇಫ್ಟಿ ಫಿಲ್ಮೇ.

ಇನ್ನು ಆ ಗೋಡೆ ಮೇಲಿನ ಶೂಟಿಂಗ್. ಮದುವೆ ಫಿಲ್ಮಿಗೆ ಹೇಗೋ ನಡೆದೀತು, ವಿಮಾನಕ್ಕೆ ಖಂಡಿತ ಬೇಡ. ವಿಮಾನದ ಶಾಟ್‌ನಲ್ಲಿ ಮುಕ್ಕಾಲು ಪಾಲು ಖಾಲಿ ಆಕಾಶ, ಅದರೊಳಗೆ ಬೆರಳುಗುರಿನಷ್ಟು ವಿಮಾನ. ಗೋಡೆ ಮೇಲೆ ನಡುಭಾಗ ಬೆಳ್ಳಗೆ, ಅಂಚು ಕಪ್ಪಗೆ ಕಾಣುತ್ತೆ. ಕ್ಯಾಮೆರಾ ಆಕಾಶದ ಬೆಳಕಿಗೆ ಹೊಂದಿಕೊಂಡು ವಿಮಾನವನ್ನು ಬರೀ ಕಪ್ಪು ಚುಕ್ಕೆ ಮಾಡಿಬಿಡುತ್ತೆ. ಮಾಮ ಸೆಕೆಂಡಿಗೆ 16 ಫ್ರೇಮಿನಲ್ಲಿ ತೆಗೆದಿರುತ್ತಾರೆ, ಈಗಿನ ಕ್ಯಾಮೆರಾ 25 ಇಲ್ಲವೇ 30ರಲ್ಲಿ ಓಡುತ್ತೆ. ಅದಕ್ಕೇ ಮಿಣಮಿಣ ಅನ್ನುತ್ತೆ. ನಿಮಗೆ ಬೇಕಾದ್ದು ಒಂದೊಂದು ಫ್ರೇಮನ್ನೂ ಬೇರೆಬೇರೆಯಾಗಿ ಫೋಟೋ ತೆಗೆಯುವ ಸ್ಕ್ಯಾನರ್. ದುಡ್ಡು ಜಾಸ್ತಿ ಆಗುತ್ತೆ, ನಿಜ. ಆದರೆ ಇಂಥ ಫಿಲ್ಮನ್ನು ಒಂದೇ ಸಲ ಸ್ಕ್ಯಾನ್ ಮಾಡಿಸೋದು, ಆ ಒಂದು ಸಲ ಸರಿಯಾಗಿ ಆಗಲಿ.

ಸಾಂಬ್ರಾ ರನ್‌ವೇ (ಬೆಳಗಾವಿ)

ಡಿಸೆಂಬರ್ 61 ಅಂತ ಓದಿ ಕುರ್ಚಿಯಿಂದ ಎದ್ದು ನಿಂತೆ ಅಕ್ಕಾ! 1961ರ ಡಿಸೆಂಬರ್ 18ಕ್ಕೆ ಪೋರ್ಚುಗೀಸರಿಂದ ಗೋವಾ ಬಿಡಿಸುವ ಕಾರ್ಯಾಚರಣೆ ಶುರುವಾದಾಗ ನಮ್ಮ ವಾಯುಪಡೆಯ ಹಂಟರ್ ವಿಮಾನಗಳು ಹಾರಿದ್ದು ಇದೇ ಸಾಂಬ್ರಾದಿಂದ. ಬಾಂಬೋಲಿಮ್‌ನ ರೇಡಿಯೋ ಸ್ಟೇಷನ್ ಮೇಲೆ ದಾಳಿ ಮಾಡಿದ್ದು ಅವೇ. ಬ್ರಿಟಿಷರ ವಾಯುಪಡೆ 1942ರಲ್ಲಿ ಕಟ್ಟಿದ ಈ ವಿಮಾನ ನಿಲ್ದಾಣದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ತಿಂಗಳು ಯಾವುದಿದೆ ಹೇಳಿ. ನಿಮ್ಮ ಮಾಮ ರಸ್ತೆ ಬದಿ ನಿಂತು ತೆಗೆದದ್ದರಲ್ಲಿ ಒಂದು ಹಂಟರ್ ಬಿದ್ದಿದ್ದರೂ ಅದು ನಿಮ್ಮ ಮನೆಗಷ್ಟೇ ಅಲ್ಲ, ಇಡೀ ಊರಿಗೆ ಬೇಕಾದದ್ದು. ಸರ್ಕಾರದ ಕ್ಯಾಮೆರಾಗಳು ಅಧಿಕಾರಿಗಳನ್ನು, ಪರೇಡನ್ನು ತೆಗೆದಿರುತ್ತವೆ. ಬೇಲಿ ಆಚೆ ಸೈಕಲ್ ನಿಲ್ಲಿಸಿ ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದ ನಮ್ಮ ಜನ ಸಿಗೋದು ಇಂಥ ರೀಲಿನಲ್ಲೇ.

ಹಾಗಂತ ಚೀಟಿಯೊಂದನ್ನೇ ನಂಬಿ ಕೂರಬೇಡಿ. ಡಬ್ಬಿಗಳು ಅದಲುಬದಲು ಆಗಿರುತ್ತವೆ. ಕೊಡಾಕ್ ಫಿಲ್ಮಾದರೆ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದಂಥ ಸಣ್ಣ ಗುರುತು ಇರುತ್ತೆ, ಫಿಲ್ಮು ತಯಾರಾದ ವರ್ಷ ಅದರಿಂದ ಗೊತ್ತಾಗುತ್ತೆ. ಅದೇ ಗುರುತು 20 ವರ್ಷಕ್ಕೊಮ್ಮೆ ಮತ್ತೆ ಬರುತ್ತೆ, ಹಾಗಾಗಿ ಚಿತ್ರದಲ್ಲಿರುವ ವಿಮಾನವನ್ನೂ ಜೊತೆಗಿಟ್ಟು ನೋಡಬೇಕು. ಹಂಟರ್ ಒಂಟಿ ಸೀಟಿನ ಜೆಟ್. ರೆಕ್ಕೆ ಹಿಂದಕ್ಕೆ ಬಾಗಿರುತ್ತೆ, ಗಾಳಿ ಎಳೆಯುವ ಬಾಯಿ ರೆಕ್ಕೆಯ ಬುಡದಲ್ಲೇ ಇರುತ್ತೆ. ಪುಷ್ಪಕ್‌ನಲ್ಲಿ ರೆಕ್ಕೆ ತಲೆ ಮೇಲೆ, ಅಡಿಯಲ್ಲಿ ಆಸರೆ ಕೊಟ್ಟ ಕಂಬಿ, ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಎಚ್‌ಎಎಲ್‌ನವರ ಪುಷ್ಪಕ್ ಮೊದಲು ಹಾರಿದ್ದು 1958ರಲ್ಲಿ. ಜಕ್ಕೂರಿನ ರೀಲಿನಲ್ಲಿ ರೆಕ್ಕೆ ಕೆಳಗಿದ್ದು, ಇಬ್ಬರು ಹಿಂದೆ ಮುಂದೆ ಕೂತು, ಚಕ್ರ ಮಡಚದೇ ಹಾಗೇ ಇದ್ದರೆ ಅದು 1951ರ ಎಚ್‌ಟಿ-2 ಇರಬಹುದು. ಚಕ್ರ ಒಳಗೆ ಹೋಗಿ, ಮೂತಿ ದಪ್ಪಗೆ ದುಂಡಗಿದ್ದರೆ ಹಾರ್ವರ್ಡ್ ಇರಬಹುದು. ಸೈನ್ಯದ್ದಲ್ಲದ ವಿಮಾನದ ಮೈಮೇಲೆ ವಿಟಿ ಅಂತ ಶುರುವಾಗುವ ಅಕ್ಷರಗಳನ್ನು ಓದಲು ಸಿಕ್ಕರೆ ಆ ಒಂದೇ ವಿಮಾನದ ಜಾತಕ ಹುಡುಕಬಹುದು.

ಅದಕ್ಕೇ ಕೈಮುಗಿದು ಹೇಳ್ತೀನಿ, ಎಐ ಹಾಕಿ "4ಕೆ ಮಾಡಿಕೊಡ್ತೀವಿ" ಅನ್ನುವವರಿಗೆ ಮೂಲ ಸ್ಕ್ಯಾನ್ ಕೊಡಬೇಡಿ. ಅದು ಮಸುಕಾದ ಅಕ್ಷರ ಕಂಡರೆ ತನಗೆ ತೋಚಿದ ಅಕ್ಷರ ಬರೆಯುತ್ತೆ. ನೋಡೋಕೆ ಫಳಫಳ, ಆದರೆ ಬಾಲದ ಮೇಲಿನ ನಂಬರ್ ಸುಳ್ಳು. ಪ್ರೊಪೆಲ್ಲರ್ ನಿಂತ ಹಾಗೆ, ಹಿಂದಕ್ಕೆ ತಿರುಗಿದ ಹಾಗೆ ಕಂಡರೆ ಅದೂ ದೋಷ ಅಲ್ಲ. ಕ್ಯಾಮೆರಾ ಶಟರಿನಿಂದ ಹಾಗೆ ಕಾಣೋದು, ಅದನ್ನು ಯಾರೂ "ಸರಿ" ಮಾಡೋದು ಬೇಡ. ರೀಲಿನ ಕೊನೆಯ ಅಲುಗಾಡುವ ತುಣುಕನ್ನೂ ಕತ್ತರಿಸಬೇಡಿ. ಎಷ್ಟೋ ಸಲ ಹ್ಯಾಂಗರ್ ಬೋರ್ಡು, ಲಾರಿ ನಂಬರ್ ಅಂಥದ್ದರಲ್ಲೇ ಸಿಕ್ಕಿಬಿದ್ದಿರುತ್ತೆ.

ಇನ್ನೊಂದು ಮಾತು. ಸಾಂಬ್ರಾ ಈಗಲೂ ವಾಯುಪಡೆಯ ನೆಲೆ. ಹಳೇ ಫಿಲ್ಮೇ ಆದರೂ ಆ ರೀಲನ್ನು ನೇರ ಯೂಟ್ಯೂಬಿಗೆ ಹಾಕುವ ಮುಂಚೆ ಅವರನ್ನು ಒಮ್ಮೆ ಕೇಳಿ. ಮನೆಯಲ್ಲಿ ನೋಡೋಕೆ, ಆರ್ಕೈವ್‌ಗೆ ಕೊಡೋಕೆ ತಡ ಮಾಡಬೇಡಿ.

ಗುಮ್ಮಟದ ಓಣಿ (ವಿಜಯಪುರ)

ಅಣ್ಣನವರ ವಾದಕ್ಕೆ ನನ್ನ ಉತ್ತರ: ರೀಲು ಎಸೆಯಬಾರದು. ಹಾರ್ಡ್ ಡಿಸ್ಕ್ ಯಾವತ್ತು ಕೈಕೊಡುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ತಂಪಾಗಿಟ್ಟ ಕಪ್ಪುಬಿಳುಪು ಫಿಲ್ಮಿನ ಬೆಳ್ಳಿಯ ಚಿತ್ರ ನಮಗಿಂತ ಜಾಸ್ತಿ ಬಾಳುತ್ತೆ. ಕೊಡಾಕ್‌ನ ಬಣ್ಣದ ಫಿಲ್ಮು ಕೊಡಾಕ್ರೋಮ್ ಆದರೆ ಕತ್ತಲಲ್ಲಿ ಬಣ್ಣವೂ ಚೆನ್ನಾಗಿ ನಿಲ್ಲುತ್ತೆ. ಅದನ್ನು ಕೆಡಿಸೋದು ಪ್ರೊಜೆಕ್ಟರಿನ ಬೆಳಕೇ. ನಾಳೆ ಇನ್ನೂ ಒಳ್ಳೆಯ ಸ್ಕ್ಯಾನರ್ ಬಂದರೆ ಮೂಲ ಇದ್ದವರಿಗೆ ಮಾತ್ರ ಉಪಯೋಗ.

ಬೂಷ್ಟು ಬಂದ ರೀಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬೂಷ್ಟು ತಿಂದ ಕಡೆ ಚಿತ್ರ ಹಿಡಿದಿಟ್ಟ ಜೆಲಟಿನ್ ಪದರ ನೀರಿಗೆ ಕರಗುತ್ತೆ, ಚಿತ್ರವೇ ಬಟ್ಟೆಗೆ ಬಂದುಬಿಡುತ್ತೆ. ಮುಟ್ಟುವಾಗ ಮಾಸ್ಕ್ ಹಾಕಿ. ಒಣ ಜಾಗದಲ್ಲಿ ಬೇರೆಯಾಗಿಡಿ, ಉಳಿದದ್ದು ಲ್ಯಾಬಿನವರಿಗೆ ಬಿಡಿ.

ನಮ್ಮ ವಿಜಯಪುರದಲ್ಲಿ ಬಿಸಿಲಿನದ್ದೇ ತೊಂದರೆ, ನಿಮ್ಮ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ತೇವ. ಅಟ್ಟ ಬೇಡ, ಹೊರಗೋಡೆಗೆ ತಾಗಿದ ಕಪಾಟೂ ಬೇಡ. ನಾನಂತೂ ಫ್ರಿಜ್ ಅಂತೀನಿ. ಕೆಲವರು ಬೇಡ ಅಂತಾರೆ, ಫ್ರಿಜ್ಜಿನೊಳಗೆ ತೇವ ಇರುತ್ತೆ ಅನ್ನೋದು ಅವರ ಭಯ. ಭಯ ಸರಿಯೇ, ಆದರೆ ಅದಕ್ಕೆ ದಾರಿ ಇದೆ. ಒಣ ಹವೆಯ ದಿನ ನೋಡಿಕೊಂಡು ಡಬ್ಬಿಯನ್ನು ಎರಡು ಜಿಪ್ ಕವರಿನೊಳಗೆ ಗಾಳಿ ತೆಗೆದು ಮುಚ್ಚಿ. ಎರಡು ಕವರಿನ ನಡುವೆ ಸಿಲಿಕಾ ಜೆಲ್ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚದೆ ಬಿಡಿ. ತಣ್ಣಗಿನ ಫಿಲ್ಮಿಗೆ ಹೊರಗಿನ ಗಾಳಿ ತಾಗಿದರೆ ತಕ್ಷಣ ಬೆವರುತ್ತೆ. ತುಕ್ಕು ಹಿಡಿದ ತಗಡಿನ ಡಬ್ಬಿ ಬದಲು ಪಾಲಿಪ್ರೊಪಿಲೀನ್ ಡಬ್ಬಿ ತರಿಸಿ. ಮಾಮನ ಚೀಟಿಗಳನ್ನು ಮಾತ್ರ ಎಸೆಯಬೇಡಿ, ಫೋಟೋ ತೆಗೆದು ಚೀಟಿ ಬೇರೆ ಲಕೋಟೆಯಲ್ಲಿಡಿ.

ಪುಣೆಯ ಫಿಲ್ಮ್ ಆರ್ಕೈವ್ ನಿಮಗೆ ದೂರ ಏನಲ್ಲ. 1964ರಲ್ಲಿ ಶುರುವಾದದ್ದು, ಈಗ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮ ಎನ್‌ಎಫ್‌ಡಿಸಿ ಜೊತೆ ಸೇರಿದೆ. ಮುಂಬೈನಲ್ಲಿ 2014ರಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ, ಫಿಲ್ಮು ಉಳಿಸುವ ಕೆಲಸ ಕಲಿಸುವ ಶಿಬಿರಗಳನ್ನೂ ನಡೆಸುತ್ತಾರೆ. ಎರಡೂ ಕಡೆ ಬರೆದು ಕೇಳಿ. ಪತ್ರದಲ್ಲಿ "ಹಳೇ ಹೋಮ್ ಮೂವಿ ಇದೆ" ಅಂತ ಸುಮ್ನೆ ಬರೆದರೆ ಸಾಲದು, "ಸಾಂಬ್ರಾ, ಡಿಸೆಂಬರ್ 1961, 8 ಎಂಎಂ, ವಿನೆಗರ್ ವಾಸನೆ ಶುರುವಾಗಿದೆ" ಅಂತ ಬಿಡಿಸಿ ಬರೆಯಿರಿ.

ಟಿಳಕವಾಡಿ ಹುಡುಗಿ (ಬೆಳಗಾವಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಇದನ್ನೆಲ್ಲ ಓದಿಸಿದೆ, ಎಸೆಯೋ ಮಾತು ಬಿಟ್ಟಿದ್ದಾನೆ. ಸ್ಕೇಲ್ ಇಟ್ಟು ಎಣಿಸಿದೆ. ಜಕ್ಕೂರಿನ ರೀಲು ಗೆರೆಗೆ ಸರಿಯಾಗಿ ಬಂತು, ಸಾಂಬ್ರಾದ್ದು 4 ಮಿಲಿಮೀಟರ್ ಮೊದಲೇ ಮುಗೀತು. ಅತ್ತೆಗೆ ಡಬ್ಬಿ ಒಂದೊಂದೇ ಹೆಸರು ಓದಿ ಹೇಳಿದೆ. "ಮದುವೆ ಮತ್ತು ವಿಮಾನ" ಅನ್ನೋದು ಅವರ ತಂಗಿಯ ಮದುವೆಯಂತೆ, ದಿಬ್ಬಣ ಹೊರಡುವ ಹೊತ್ತಿಗೆ ಮೇಲೆ ವಿಮಾನದ ಸದ್ದು ಕೇಳಿ ಮಾಮ ಮದುಮಗಳನ್ನು ಬಿಟ್ಟು ಕ್ಯಾಮೆರಾ ಮೇಲಕ್ಕೆ ತಿರುಗಿಸಿದರಂತೆ. ಇಂಥ ಮಾತು ಇನ್ನೂ ಎಷ್ಟೋ ಇವೆ ಅನ್ಸುತ್ತೆ. ಲ್ಯಾಬಿಗೆ ಫೋನ್ ಮಾಡಿದಾಗ ಏನೇನು ಕೇಳಬೇಕು ಅಂತ ಒಮ್ಮೆ ಹೇಳ್ತೀರಾ ಸರ್?

ಸಾಂಬ್ರಾ ರನ್‌ವೇ (ಬೆಳಗಾವಿ)

ಅಕ್ಕಾ, ಆ ಮಾತುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸ್ಕ್ಯಾನ್ ಬರುವವರೆಗೂ ಕಾಯಬೇಡಿ. ಸ್ಕ್ಯಾನ್ ಬಂದ ಮೇಲೆ ಅತ್ತೆಯನ್ನು ದೊಡ್ಡ ಟಿವಿ ಮುಂದೆ ಕೂರಿಸಿ, ನಿಧಾನಕ್ಕೆ ಓಡಿಸಿ, ಮತ್ತೆ ರೆಕಾರ್ಡ್ ಮಾಡಿ. ಮೂಕಿ ಫಿಲ್ಮಿಗೆ ಇರುವ ಸದ್ದು ಅವರೊಬ್ಬರ ಮಾತೇ.

ಹಳೇ ಪ್ರೊಜೆಕ್ಟರ್ (ಬಾಗಲಕೋಟೆ)

4 ಮಿಲಿಮೀಟರ್ ಅಂದ್ರೆ ಜಾಸ್ತಿನೇ ಆಯ್ತು ತಂಗಿ, ಅದನ್ನು ಮೊದಲು ಕಳಿಸಿ. ಫೋನಿನಲ್ಲಿ ಇಷ್ಟು ಕೇಳಿ: ನಿಮ್ಮ ಸ್ಕ್ಯಾನರಿನಲ್ಲಿ ಹಲ್ಲಿನ ಚಕ್ರ ಇದೆಯೋ ಬರೀ ರೋಲರೋ, ಫ್ರೇಮಿನ ಆಚೆ ಅಂಚು, ತೂತು ಕಾಣುವ ಹಾಗೆ ಪೂರ್ತಿ ತೆಗೀತೀರಾ, ಕಡೇಪಕ್ಷ 2ಕೆ, ಅಂದರೆ ಅಡ್ಡಕ್ಕೆ ಸುಮಾರು ಎರಡು ಸಾವಿರ ಚುಕ್ಕೆ, ಇದೆಯಾ, ಫೈಲನ್ನು ಚಿತ್ರದ ಗುಣ ಉಳಿಸುವ ಪ್ರೊರೆಸ್ ಇಲ್ಲವೇ ಎಫ್‌ಎಫ್‌ವಿ1ರಲ್ಲಿ ಕೊಡ್ತೀರಾ. ಬರೀ ಎಂಪಿ4 ಅಂದರೆ ಬೇರೆ ಕಡೆ ನೋಡಿ, ಎಂಪಿ4 ಮೊಬೈಲಿನಲ್ಲಿ ಹಂಚೋಕೆ ಮಾತ್ರ. ಜಾಗದ ಚಿಂತೆ ಬೇಡ. 50 ಅಡಿಯ ಸಣ್ಣ ರೀಲೊಂದು ಓಡೋದು ನಾಲ್ಕು ನಿಮಿಷದ ಆಸುಪಾಸು, ಪ್ರೊರೆಸ್‌ನಲ್ಲೂ ಕೆಲವೇ ಜಿಬಿ ಆಗುತ್ತೆ, ಇಡೀ ಟ್ರಂಕು ಒಂದು ಡಿಸ್ಕಿನಲ್ಲಿ ಹಿಡಿಯುತ್ತೆ. ಅಂಥ ಡಿಸ್ಕ್ ಎರಡು ಮಾಡಿ, ಒಂದು ನಿಮ್ಮ ಹತ್ತಿರ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಕ್ಲೌಡಲ್ಲೂ ಒಂದು ಪ್ರತಿ ಇರಲಿ.

ರೀಲನ್ನು ಕೊರಿಯರ್‌ಗೆ ಹಾಕಬೇಡಿ, ಬಿಸಿಲಲ್ಲಿ ಗೋಡೌನಿನಲ್ಲಿ ಬಿದ್ದಿರುತ್ತೆ. ರಾತ್ರಿ ಗಾಡಿಗೆ ಹತ್ತಿ ಕೈಯಾರೆ ಒಯ್ದು ಕೊಡಿ. ಬಿಗಿಯಾಗಿ ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತೋಕೆ ಹೋಗಬೇಡಿ, ಹೇಗಿದೆಯೋ ಹಾಗೇ ಕೊಡಿ.